ಬಯಲಿನಲ್ಲಿ ನಿಂತ ಬಾಗಿಲು

ಗೋಕಾಕದ ಪೇಟೆಯಲ್ಲಿ ಒಂದು ಕಿರಾಣಿ ಅಂಗಡಿಯ ಮೇಲಿನ ಎರಡು ಖೋಲಿಗಳೇ ನಮ್ಮಪ್ಪನ ಫೋಟೋ ಸ್ಟುಡಿಯೋ. ಮುಂದಿನ ಖೋಲಿಯಲ್ಲಿ ಬಣ್ಣದ ಪರದೆ, ಕುರ್ಚಿ, ಕನ್ನಡಿ ಇದ್ದವು. ಹಿಂದಿನ ಖೋಲಿಯ ಕಿಟಕಿಗೆ ಅಪ್ಪ ಕರಿ ಕಂಬಳಿ ಬಡಿದಿದ್ದ. ತಾಯಿ ಇಲ್ಲದ ನಾನು ಸಾಲಿ ಬಿಟ್ಟಮೇಲೆ ಆ ಕತ್ತಲ ಖೋಲಿಯಲ್ಲೇ ಕೆಲಸ ಕಲಿತೆ. ಔಷಧದ ನೀರಿನಲ್ಲಿ ಕಾಗದ ಅದ್ದಿದರೆ ಮೊದಲು ಮೀಸೆ, ಆಮೇಲೆ ಕಣ್ಣು, ಎಲ್ಲಕ್ಕಿಂತ ಕೊನೆಗೆ ಕೆನ್ನೆ ಮೂಡುವುದನ್ನು ನೋಡುತ್ತ ನಿಲ್ಲುವುದು ನನಗೆ ಆಟದಂತೆ ಇತ್ತು.

ಕನ್ನಡ ರಾಜ್ಯ ಒಂದಾದ ಮರುವರ್ಷವೋ ಅದರ ಮರುವರ್ಷವೋ, ಅಪ್ಪನ ಕೈ ನಡುಗಲು ಶುರುವಾಯಿತು. ಚಹಾದ ಬಟ್ಟಲು ಹಿಡಿದರೆ ಬಸಿಯ ತುಂಬ ಚಹಾ. ಅಂದಿನಿಂದ ಗಿರಾಕಿಗಳನ್ನು ಮಾತಾಡಿಸುವುದು ಅವನ ಕೆಲಸ, ಕ್ಯಾಮೆರಾದ ಗುಂಡಿ ಒತ್ತುವುದು ನನ್ನದು. ಊರಿನ ಗಂಡಸರಿಗೆ ಇದು ಅಷ್ಟು ರುಚಿಸುತ್ತಿರಲಿಲ್ಲ. ಹೆಣ್ಣುಮಗಳೊಬ್ಬಳು "ಗದ್ದ ಸ್ವಲ್ಪ ಎತ್ರಿ" ಎಂದರೆ ತಲೆಗೆ ಪಟಗ ಸುತ್ತಿದ ಹಿರಿಯರು ಮುಖ ಇನ್ನೂ ಬಿಗಿ ಮಾಡುತ್ತಿದ್ದರು. ಆಗ ನನಗೆ ಇಪ್ಪತ್ತು ವರ್ಷ.

ಎರಡು ಮಳೆಗಾಲ ಸುಮ್ಮನೆ ಹೋದ ಕಾಲವದು. ನಮ್ಮಲ್ಲಿ ಹೊಳೆಯಲ್ಲಿ ಸೆಲೆ ಉಳಿದಿತ್ತು, ಹೇಗೋ ನಡೆಯುತ್ತಿತ್ತು. ಮೂಡಲ ಸೀಮೆಯ ಎರೆ ಹೊಲಗಳಲ್ಲಿ ಮಾತ್ರ ಬಿತ್ತಿದ ಬೀಜವೂ ಕೈಗೆ ಬರಲಿಲ್ಲ. ಅಲ್ಲಿನ ಮಂದಿ ಮೂಡಲಗಿಯ ದಾರಿ ಹಿಡಿದು ನಮ್ಮ ಕಡೆಗೆ ಬರತೊಡಗಿದರು. ಚಕ್ಕಡಿ ಇದ್ದವರು ಚಕ್ಕಡಿಯಲ್ಲಿ, ಇಲ್ಲದವರು ತಲೆಯ ಮೇಲೆ ಗಂಟು ಹೊತ್ತುಕೊಂಡು. ಅವರಿಗೆ ಕೆಲಸ ಕೊಡಲೆಂದು ಮಮದಾಪುರದಾಚೆಯ ಬೀಳು ಭೂಮಿಯಲ್ಲಿ ಸರ್ಕಾರ ರಸ್ತೆಗೆ ಕಲ್ಲು ಒಡೆಸುವ ಕಾಮಗಾರಿ ತೆಗೆಯಿತು. ಒಂದು ತಿಂಗಳೊಳಗೆ ಅಲ್ಲಿ ಜೋಳದ ದಂಟಿನ, ಗೋಣಿತಾಟಿನ ಗುಡಿಸಲುಗಳ ಒಂದು ಊರೇ ಎದ್ದಿತು.

ಒಂದು ದಿನ ಆ ಕಾಮಗಾರಿಯ ಸಾಹೇಬರು ನಮ್ಮ ಮೆಟ್ಟಿಲು ಹತ್ತಿ ಬಂದರು. ಮೈಸೂರು ಕಡೆಯ ತರುಣ. ಅವರ ಕನ್ನಡ ಕೇಳಿ ನಾನು ಪರದೆಯ ಹಿಂದೆ ನಗು ತಡೆದುಕೊಂಡೆ. ಆದರೆ ಮನುಷ್ಯ ಒಳ್ಳೆಯವರು.

"ನಾನು ಎಷ್ಟು ಕಾಗದ ಬರೆದರೂ ಮೇಲಿನವರಿಗೆ ತಲುಪ್ತಾ ಇಲ್ಲ. ಕಣ್ಣಿಂದ ನೋಡಿದರೆ ನಂಬ್ತಾರೆ. ಈ ಜನರ ಫೋಟೋ ಬೇಕು," ಎಂದರು ಅಪ್ಪನಿಗೆ. "ಆದರೆ ಸ್ಟುಡಿಯೋದಲ್ಲಿ ತೆಗೆಯೋ ಹಾಗೆ ಬೇಡ. ಅಲಂಕಾರ ಬೇಡ. ಹೇಗಿದ್ದಾರೋ ಹಾಗೇ ಬರಬೇಕು."

ಅಪ್ಪ ತನ್ನ ನಡುಗುವ ಕೈ ತೋರಿಸಿದ. "ತಗ್ಯಾಕಿ ನನ್ನ ಮಗಳ್ರೀ. ಆಕಿ ಬಂದ್ರ ನಡೀತೈತೇನು?"

ಸಾಹೇಬರು ಒಂದು ಕ್ಷಣ ಯೋಚಿಸಿ, "ಒಳ್ಳೇದೇ ಆಯ್ತು, ಹೆಂಗಸರು ಮುಖ ತಿರುಗಿಸೋದಿಲ್ಲ," ಎಂದರು.

ಹಾಗೇ ಆಯಿತು. ಕ್ಯಾಂಪಿನ ಅಂಚಿನಲ್ಲಿ ಅಪ್ಪ ಜಾಲಿ ಗಿಡದ ಕೆಳಗೆ ಕೂತ, ನಾನೊಬ್ಬಳೇ ಗುಡಿಸಲುಗಳ ನಡುವೆ ಹೋದೆ. ನಮ್ಮಲ್ಲಿದ್ದದ್ದು ಎದೆಯ ಮಟ್ಟದಲ್ಲಿ ಹಿಡಿದು, ತಲೆ ತಗ್ಗಿಸಿ ಮೇಲಿನ ಗಾಜಿನಲ್ಲಿ ನೋಡುವ ಕ್ಯಾಮೆರಾ. ಎದುರಿನವರಿಗೆ ನಾನು ನೆಲ ನೋಡುತ್ತಿದ್ದೇನೆ ಅನಿಸುತ್ತಿತ್ತು. "ಪಾಪ, ಹುಡುಗಿ ಭಾಳ ನಾಚ್ತೈತಿ" ಎಂದು ಒಬ್ಬ ಮುದುಕಿ ನಕ್ಕಳು. ಅವಳು ನಗುತ್ತಿದ್ದಾಗಲೇ ಗುಂಡಿ ಒತ್ತಿದೆ.

ಗುಡಿಸಲುಗಳ ಸಾಲಿನ ಕೊನೆಯಲ್ಲಿ ಒಂದು ಬಾಗಿಲು ನಿಂತಿತ್ತು.

ಚೌಕಟ್ಟು, ಹೊಸ್ತಿಲು, ಕದ ಬಡಿಯುವ ಹಿತ್ತಾಳೆಯ ಬಳೆ ಸಮೇತ ಸಾಗವಾನಿ ಕಟ್ಟಿಗೆಯ ದೊಡ್ಡ ಬಾಗಿಲು. ಎರಡೂ ಕಡೆ ಕಲ್ಲು ಒಟ್ಟಿ ನಿಲ್ಲಿಸಿದ್ದರು. ಹೊಸ್ತಿಲಿನ ಮೇಲೆ ಹಳೆಯ ಅರಿಷಿಣದ ಕಲೆ. ಹಿಂದೆ ನೋಡಿದರೆ ಎಲ್ಲರದ್ದರಂತೆ ದಂಟಿನ ಗುಡಿಸಲು. ಸುತ್ತ ನಾಲ್ಕು ದಿಕ್ಕೂ ಬಯಲು, ನಡುವೆ ಮುಚ್ಚಿದ ಬಾಗಿಲು. ನಾನು ಬಾಜೂದಿಂದ ಒಳಗೆ ಇಣುಕುವಷ್ಟರಲ್ಲಿ ಎಂಟೊಂಬತ್ತು ವರ್ಷದ ಒಬ್ಬ ಹುಡುಗಿ ಕೈ ಅಡ್ಡ ಹಿಡಿದಳು.

"ಹಂಗ ಬರಬಾರ್ದ್ರಿ. ಬಾಗ್ಲ ಬಡೀರಿ, ಆಮ್ಯಾಲ ಬರ್ರಿ."

ನಾನು ಸುತ್ತಿ ಬಂದು ಬಳೆ ಬಡಿದೆ. ಒಳಗಿನಿಂದ "ಯಾರದು?" ಎಂದಳು. "ಗೋಕಾಕದಾಕಿ" ಎಂದೆ. "ಏನ ಕೆಲಸ ಇತ್ತು?" "ಫೋಟೋ ತಗ್ಯಾಕ ಬಂದೇನಿ." ಅಷ್ಟೆಲ್ಲ ಆದಮೇಲೆ ಬಾಗಿಲು ತೆರೆದು, ದೊಡ್ಡವರಂತೆ "ಬರ್ರಿ, ಕುಂದರ್ರಿ" ಎಂದಳು. ಇಡೀ ಕ್ಯಾಂಪಿನವರಿಂದ ಆಕೆ ಹೀಗೇ ಬಾಗಿಲು ಬಡಿಸುತ್ತಿದ್ದಳಂತೆ.

ಅವಳ ತಾಯಿ ಹೊರಗೆ ಬಂದಳು. ಮೂವತ್ತು ದಾಟಿರದ, ತೆಳ್ಳಗಿನ ಹೆಂಗಸು. ಸೊಂಟದಲ್ಲಿ ಎಳೆಗೂಸು. ಗಂಡ ಆಚೆ ಕಲ್ಲು ಒಡೆಯುತ್ತಿದ್ದ. ಈ ಬಾಗಿಲು ಯಾಕೆ ಹೊತ್ತು ತಂದಿರಿ ಎಂದು ಕೇಳಿದೆ.

"ಬಿಟ್ಟ ಬಂದಿದ್ರ ಯಾರರ ಒಲಿಗೆ ಹಾಕ್ತಿದ್ರು ತಂಗಿ. ಗ್ವಾಡಿ ಮತ್ತ ಕಟ್ಟಬಹುದು, ಹಿಂತಾ ಬಾಗ್ಲ ಎಲ್ಲಿ ಸಿಗತೈತಿ? ನಮ್ಮ ಮಾವನ ಅಪ್ಪ ಮಾಡಿಸಿದ್ದು," ಎಂದಳು. ಚಕ್ಕಡಿಯಲ್ಲಿ ಹಾಕಿಕೊಂಡು ಹೊರಟಿದ್ದರು. ದಾರಿಯಲ್ಲಿ ಒಂದು ಎತ್ತು ಕಾಲು ಮಡಚಿ ಮಲಗಿದ್ದು ಏಳಲಿಲ್ಲ. ಇನ್ನೊಂದನ್ನು ಹೊಳೆದಂಡೆಯ ಬೀಗರಲ್ಲಿ ಬಿಟ್ಟು, ಬಾಗಿಲನ್ನು ಆ ಬೀಗರ ಚಕ್ಕಡಿಯಲ್ಲಿ ಇಲ್ಲಿಗೆ ತಂದಿದ್ದರು. ಎತ್ತಿನ ಮಾತು ಬಂದಾಗ ಅವಳ ದನಿ ಸಣ್ಣದಾಯಿತು. ಬಾಗಿಲಿನ ಮಾತಾಡುವಾಗ ಹಾಗಿರಲಿಲ್ಲ.

ಬಾಗಿಲಿನ ಮುಂದೆ ತಾಯಿ ಮಗಳನ್ನು ನಿಲ್ಲಿಸಿದೆ. ತಲೆ ತಗ್ಗಿಸಿ ಗಾಜಿನಲ್ಲಿ ನೋಡಿದೆ. ಇಷ್ಟು ದಿನ ಸ್ಟುಡಿಯೋದಲ್ಲಿ ಬಣ್ಣದ ಪರದೆಯ ಮುಂದೆ ನಾನು ಇಂಥದ್ದನ್ನು ನೋಡಿರಲಿಲ್ಲ. ರೀಲಿನಲ್ಲಿ ಒಂದೇ ಒಂದು ಚಿತ್ರಕ್ಕೆ ಜಾಗ ಉಳಿದಿತ್ತು. ಬಿಸಿಲು ಏರುತ್ತಿತ್ತು. ಇನ್ನು ಸ್ವಲ್ಪ ಹೊತ್ತಾದರೆ ಕಣ್ಣ ಕೆಳಗೆ ಗುಳಿ ಬಿದ್ದಂತೆ ನೆರಳು ಬೀಳುತ್ತದೆ.

"ಒಂದು ಚೂರು ತಡೀರಿ ತಂಗಿ, ಇಕಿ ತಲಿ ಬಾಚ್ತೇನಿ," ಎಂದಳು ತಾಯಿ. ಸೆರಗಿನ ಗಂಟಿನಿಂದ ಬಾಚಣಿಕೆ ತೆಗೆದೇಬಿಟ್ಟಿದ್ದಳು. "ಎಣ್ಣಿ ಇಲ್ಲ, ನೀರು ಹಚ್ಚ್ಯಾರ ಬಾಚ್ತೇನಿ."

ಹುಡುಗಿಯ ಕೂದಲು ಕಲ್ಲಿನ ಧೂಳು ಕುಡಿದು ಬೆಳ್ಳಗಾಗಿ, ಗಾಳಿಗೆ ಎದ್ದು ನಿಂತಿತ್ತು. ಆ ಕೂದಲ ಅಂಚಿಗೆ ಬಿಸಿಲು ತಾಗಿ ಹೊಳೆಯುತ್ತಿತ್ತು. ಸಾಹೇಬರ ಮಾತು ನನ್ನ ಕಿವಿಯಲ್ಲಿತ್ತು. ಸಾಹೇಬರದ್ದು ಮಾತ್ರವಲ್ಲ, ನನ್ನ ಆಸೆಯೂ ಅದೇ ಆಗಿತ್ತು. ಅದನ್ನು ಈಗ ಮುಚ್ಚಿಡುವುದಿಲ್ಲ.

"ಬ್ಯಾಡ್ರಿ, ಹಿಂಗ ಚಲೋ ಐತಿ. ಹಂಗ ನಿಲ್ರಿ," ಎಂದೆ.

ಅವಳು ನನ್ನನ್ನೊಮ್ಮೆ ನೋಡಿದಳು. ಬಾಚಣಿಕೆ ಹಿಡಿದ ಬಲಗೈಯನ್ನು ಬೆನ್ನ ಹಿಂದೆ ಸರಿಸಿದಳು. ನಾನು ಗುಂಡಿ ಒತ್ತಿದೆ.

ಆ ಚಿತ್ರ ಕಾಗದದ ಮೇಲೆ ಮೂಡಿದಾಗ ಅಪ್ಪ ಬಹಳ ಹೊತ್ತು ಕೆಂಪು ದೀಪದ ಕೆಳಗೆ ಹಿಡಿದು ನೋಡಿದ. ಕಾಗದ ಅವನ ಕೈಯಲ್ಲಿ ಪಟಪಟನೆ ನಡುಗುತ್ತಿತ್ತು. "ನನ್ನ ಜನ್ಮದಾಗ ಹಿಂತಾದ್ದ ಒಂದೂ ತಗೀಲಿಲ್ಲ ನಾ," ಎಂದ. ಅಪ್ಪ ನನ್ನನ್ನು ಹೊಗಳಿದ್ದು ಅದೇ ಮೊದಲು. ಆ ದಿನ ನಾನು ಎರಡು ರೊಟ್ಟಿ ಹೆಚ್ಚು ತಿಂದೆ. ಕರಾರಿನಂತೆ ಎಲ್ಲ ಪ್ರಿಂಟುಗಳನ್ನೂ, ಅವುಗಳ ಮೂಲ ಫಿಲ್ಮುಗಳನ್ನೂ ಒಂದು ಲಕೋಟೆಯಲ್ಲಿ ಹಾಕಿ ಸಾಹೇಬರ ಕಚೇರಿಗೆ ಮುಟ್ಟಿಸಿದೆವು. ನಮ್ಮ ಹತ್ತಿರ ಒಂದು ಪ್ರತಿಯನ್ನೂ ಇಟ್ಟುಕೊಳ್ಳಲಿಲ್ಲ.

ಸುಮಾರು ಮೂರು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಸ್ಟುಡಿಯೋದ ಕಿಟಕಿಯಲ್ಲಿ ನಿಂತು ಪ್ರಿಂಟು ಒಣಗಿಸುತ್ತಿದ್ದೆ. ಕೆಳಗೆ ಬೀದಿಯಲ್ಲಿ ಜನ ಸರಿದು ದಾರಿ ಬಿಡುತ್ತಿದ್ದರು. ನಾಲ್ಕು ಮಂದಿ ಹೆಗಲ ಮೇಲೆ ಏನನ್ನೋ ಅಡ್ಡ ಹೊತ್ತು ಓಡುನಡಿಗೆಯಲ್ಲಿ ಬರುತ್ತಿದ್ದರು. ನನಗೆ ಮೊದಲು ಗುರುತು ಸಿಕ್ಕಿದ್ದು ಬಾಗಿಲಿನದು. ಚೌಕಟ್ಟಿನಿಂದ ಬಿಚ್ಚಿದ ಕದ, ಅದರ ಹಿತ್ತಾಳೆಯ ಬಳೆ ಹೆಜ್ಜೆಹೆಜ್ಜೆಗೂ ಕಟ್ಟಿಗೆಗೆ ಬಡಿಯುತ್ತಿತ್ತು. ಅದರ ಮೇಲೆ ಕೌದಿ ಹೊದಿಸಿದ ಸಣ್ಣ ಆಕಾರ. ಹಿಂದೆ ಕೂಸನ್ನು ಎತ್ತಿಕೊಂಡ ತಾಯಿ.

ಚಪ್ಪಲಿ ಮೆಟ್ಟದೆ ಇಳಿದು ಓಡಿದೆ.

ಕ್ಯಾಂಪಿನಲ್ಲಿ ಕುಡಿಯುವ ನೀರೆಂದರೆ ಕಲ್ಲು ತೆಗೆದ ತೆಗ್ಗಿನಲ್ಲಿ ನಿಂತ ನೀರು. ಅದರಿಂದ ವಾಂತಿಭೇದಿ ಹತ್ತಿತ್ತು. ಹುಡುಗಿಗೆ ಹಿಂದಿನ ದಿನದಿಂದಲೇ ಶುರುವಾಗಿತ್ತಂತೆ. ಚಕ್ಕಡಿ ಸಿಕ್ಕಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೂಡಲೇ ನೋಡಿದರು, ತೋಳಿಗೆ ಸೂಜಿ ಚುಚ್ಚಿ ನೀರು ಏರಿಸಿದರು. ಅವರ ಕೈಯಲ್ಲಿ ಇದ್ದದ್ದನ್ನೆಲ್ಲ ಮಾಡಿದರು. ಹುಡುಗಿಯ ಕಣ್ಣು ಆಗಲೇ ಒಳಕ್ಕೆ ಹೋಗಿತ್ತು. ನಾನು ಮಂಚದ ಬಾಜೂ ನಿಂತಿದ್ದೆ. ಹುಡುಗಿ ನನ್ನ ಕಡೆ ನೋಡಿದಳು. ಗುರುತಿಸಿದಳೋ ಇಲ್ಲವೋ ತಿಳಿಯಲಿಲ್ಲ.

ದೀಪ ಹಚ್ಚುವ ಮೊದಲೇ ಎಲ್ಲ ಮುಗಿಯಿತು.

ಅವರಿಗೆ ಗೋಕಾಕದಲ್ಲಿ ಯಾರೂ ಇರಲಿಲ್ಲ. ಅಪ್ಪ ತನ್ನ ಪರಿಚಯದವರನ್ನು ಕಂಡು ಹೊಳೆಯ ಕಡೆಯ ಮಣ್ಣಿನಲ್ಲಿ ಜಾಗ ಕೇಳಿದ. ಮರುದಿನ ಮುಂಜಾನೆ ಮಣ್ಣು ಕೊಟ್ಟರು. ಹುಡುಗಿಯ ತಂದೆ ಮೊಣಕಾಲೂರಿ ಕೂತಿದ್ದ. ಕೈಯಿಂದಲೇ ಹೆಂಟೆ ಒಡೆದು ಪುಡಿ ಮಾಡಿ ಹಾಕುತ್ತಿದ್ದ, ಗಟ್ಟಿ ಹೆಂಟೆ ಮಗಳಿಗೆ ತಾಗಬಾರದೆಂಬಂತೆ. ತಾಯಿ ದೂರ ಕೂತು, "ಇದು ನಮ್ಮ ಮಣ್ಣಲ್ಲ, ಇಲ್ಲಿ ಇಕಿಗೆ ಯಾರ ಗುರ್ತು ಐತಿ," ಎಂದು ಅದನ್ನೇ ಅದನ್ನೇ ಹೇಳುತ್ತಿದ್ದಳು.

ಎಂಟು ದಿನ ಬಿಟ್ಟು ಅವಳು ನಮ್ಮ ಮೆಟ್ಟಿಲು ಹತ್ತಿ ಬಂದಳು. ಮಮದಾಪುರದ ಕಡೆಯಿಂದ ನಡೆದೇ ಬಂದಿದ್ದಳು. ನೀರು ಕೊಟ್ಟೆ, ಕುಡಿದಳು. ಸುತ್ತ ಗೋಡೆಯ ಮೇಲಿದ್ದ ಮದುವೆಯ ಜೋಡಿಗಳನ್ನೂ, ಸಾಲಿಯ ಮಾಸ್ತರರನ್ನೂ ನೋಡಿದಳು.

"ತಂಗಿ, ಅವತ್ತು ತಗದ್ರಲ್ಲಾ, ಆ ಚಿತ್ರ ಐತೇನು?"

"ಇಲ್ಲೆವ್ವಾ. ಎಲ್ಲಾ ಸಾಹೇಬ್ರಿಗೆ ಕೊಟ್ಟೇವಿ," ಎಂದೆ.

"ಒಂದೂ ಇಲ್ಲೇನು?"

"ಒಂದೂ ಇಲ್ಲ."

ಅವಳು ತಲೆಯಾಡಿಸಿದಳು. "ಹಂಗಾರ ಇಕಿ ಮಾರಿ ಎಲ್ಲೂ ಇಲ್ಲ," ಎಂದಳು.

"ನಾ ತರ್ತೇನಿ," ಎಂದುಬಿಟ್ಟೆ. ಹೇಗೆ ತರುವುದು ಎಂದು ನನಗೇ ತಿಳಿದಿರಲಿಲ್ಲ.

ವಿಚಾರಿಸಿದಾಗ ಗೊತ್ತಾಯಿತು: ಬರಗಾಲದ ಫೋಟೋಗಳನ್ನು ಹುಕ್ಕೇರಿಯ ಒಂದು ಸಾಲಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ, ಸಾಹೇಬರೂ ಅಲ್ಲೇ ಇದ್ದಾರೆ. ಮರುದಿನದ ಬಸ್ಸಿಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟೆ. ಅಪ್ಪ ಬೇಡವೆನ್ನಲಿಲ್ಲ.

ಸಾಲಿಯ ದೊಡ್ಡ ಖೋಲಿಯಲ್ಲಿ ಹಲಗೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ನನ್ನ ಚಿತ್ರ ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ದೊಡ್ಡದಾಗಿ ಇತ್ತು. ಕೆಳಗೆ ದಪ್ಪ ಅಕ್ಷರದಲ್ಲಿ 'ನಿರ್ಗತಿಕ ತಾಯಿ ಮತ್ತು ಮಕ್ಕಳು' ಎಂದು ಬರೆದಿದ್ದರು. ಊರಿನ ಇಬ್ಬರು ಹೆಂಗಸರು ಅದರ ಮುಂದೆ ನಿಂತಿದ್ದರು. ಇಳಕಲ್ ಸೀರೆ, ಮುಡಿಯಲ್ಲಿ ಸೇವಂತಿಗೆ.

"ಅಯ್ಯ ಪಾಪ," ಎಂದಳು ಒಬ್ಬಳು.

ಇನ್ನೊಬ್ಬಳು ಹತ್ತಿರ ಬಗ್ಗಿ ನೋಡಿದಳು. "ಬಡತನ ಇದ್ರ ಇರಲಿ, ಮಗಳ ತಲೀನರ ಬಾಚಬಾರ್ದೇನು? ಎಂಥಾ ತಾಯಿ ಇದ್ದಾಳ ನೋಡ."

'ಆ ಕೈ ನೋಡ್ರಿ, ಬೆನ್ನ ಹಿಂದ ಬಾಚಣಿಕಿ ಐತಿ, ನಾನ ಬ್ಯಾಡ ಅಂದೆ' ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅವರು ಮುಂದಿನ ಹಲಗೆಗೆ ಹೋದರು. ಆ ಹುಡುಗಿ ಸತ್ತಾಗ ನಾನು ಅತ್ತಿದ್ದೆ. ಆದರೆ ನಾಚಿಕೆಯಿಂದ ಕಣ್ಣಿಗೆ ನೀರು ಬಂದದ್ದು ಅಲ್ಲಿ, ಹುಕ್ಕೇರಿಯ ಆ ಸಾಲಿಯಲ್ಲಿ.

ಸಾಹೇಬರು ನನ್ನನ್ನು ಕಂಡು ಉತ್ಸಾಹದಿಂದ ಬಂದರು. "ಬನ್ನಿ ಬನ್ನಿ! ನಿಮ್ಮ ಈ ಫೋಟೋ ಎಷ್ಟು ಕೆಲಸ ಮಾಡ್ತು ಗೊತ್ತಾ? ಇದನ್ನ ನೋಡೇ ಕ್ಯಾಂಪಿಗೆ ಕುಡಿಯೋ ನೀರಿನ ಬಾವಿ ಮಂಜೂರಾಯ್ತು."

"ಆ ಹುಡುಗಿ ತೀರಿಕೊಂಡ್ಲ್ರಿ. ಆ ನೀರು ಕುಡದ," ಎಂದೆ.

ಅವರ ಮುಖದ ಮೇಲಿನ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಯಾವಾಗ ಎಂದು ಕೇಳಿದರು, ಹೇಳಿದೆ. ಮನಸ್ಸಿನಲ್ಲೇ ದಿನ ಎಣಿಸಿದಂತೆ ಕಂಡಿತು. ಆಮೇಲೆ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಮೂಲ ಫಿಲ್ಮುಗಳೆಲ್ಲ ಬೆಂಗಳೂರಿಗೆ ಹೋಗಿವೆ, ಅಲ್ಲಿಂದ ಬರುವುದು ಕಷ್ಟ ಎಂದರು. ಹಲಗೆಗೆ ಅಂಟಿಸಿದ ಚಿತ್ರವನ್ನು ಕಿತ್ತರೆ ಹರಿಯುತ್ತದೆ. ಉಳಿದದ್ದು ಒಂದೇ ದಾರಿ, ಅದರದ್ದೇ ಫೋಟೋ ತೆಗೆಯುವುದು. ಜವಾನನನ್ನು ಕರೆಯದೆ ಸಾಹೇಬರೇ ಆ ಹಲಗೆಯನ್ನು ಎತ್ತಿಕೊಂಡು ಅಂಗಳಕ್ಕೆ ತಂದರು. ಬಿಸಿಲಿನಲ್ಲಿ ಅಲುಗಾಡದಂತೆ ಎರಡೂ ಕೈಯಿಂದ ಹಿಡಿದು ನಿಂತರು. ಕೆಳಗಿನ ಅಕ್ಷರ ಬರದ ಹಾಗೆ ನಾನು ಹತ್ತಿರ ಹೋಗಿ ತೆಗೆದೆ.

ಪ್ರತಿಯ ಪ್ರತಿ, ಮೊದಲಿನಷ್ಟು ಸ್ಪಷ್ಟ ಇರಲಿಲ್ಲ. ಆದರೂ ಮುಖ ಇತ್ತು. ಎರಡು ಪ್ರಿಂಟು ಹಾಕಿದೆ. ಒಂದನ್ನು ಹಾಗೇ ಇಟ್ಟೆ. ಇನ್ನೊಂದನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತೆ. ಫೋಟೋ ತಿದ್ದುವುದು ನನ್ನ ಕಸುಬು. ಎಷ್ಟೋ ಮದುಮಕ್ಕಳ ಮುಖದ ಮೈಲಿ ಬೇನೆಯ ಕಲೆ ಅಳಿಸಿದವಳು ನಾನು. ಮೂರು ಕೂದಲಿನ ಕುಂಚವನ್ನು ಮಸಿಯಲ್ಲಿ ಅದ್ದಿ, ಎದ್ದು ನಿಂತ ಒಂದೊಂದು ಬೆಳ್ಳನೆ ಎಳೆಯನ್ನೂ ಕಪ್ಪು ಮಾಡಿದೆ. ಬ್ಲೇಡಿನ ತುದಿಯಿಂದ ನಡುವೆ ಸಣ್ಣಗೆ ಕೆರೆದು ಬೈತಲೆ ತೆಗೆದೆ. ಎರಡು ದಿನ ಹಿಡಿಯಿತು. ಅಪ್ಪ ಬಂದು ನೋಡಿ, "ಭಾಳ ತಿದ್ದಬ್ಯಾಡ," ಎಂದಷ್ಟೇ ಹೇಳಿ ಹೋದ.

ಸಂತೆಯ ದಿನ ಹುಡುಗಿಯ ತಾಯಿ ಬಂದಳು. ತಿದ್ದಿದ ಚಿತ್ರವನ್ನು ಅವಳ ಕೈಗೆ ಕೊಟ್ಟೆ. ಅವಳು ಕೆಳಗೆ ಕೂತು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳನ್ನು ಮುಖದ ಮೇಲೆ ಇಡಲಿಲ್ಲ, ಕೂದಲಿನ ಮೇಲೆ ಇಟ್ಟಳು.

"ಇದು ಯಾರು ಬಾಚಿದ್ದು?"

"ನಾನ," ಎಂದೆ.

"ಚಲೋ ಬಾಚೀರಿ." ಬೆರಳನ್ನು ಬೈತಲೆಯ ಉದ್ದಕ್ಕೂ ಸರಿಸಿದಳು. "ಖರೆ ಇಕಿಗೆ ನಡುವ ಬೈತಲಿ ಬರ್ತಿರಲಿಲ್ಲ ತಂಗಿ. ಅಲ್ಲೊಂದು ಸುಳಿ ಇತ್ತು. ಬಲಕ್ಕ ತಗೀತಿದ್ದೆ ನಾ."

ನಾನು ಬಗ್ಗಿ ನಾನೇ ಕೆರೆದ ಆ ಗೆರೆಯನ್ನು ನೋಡಿದೆ.

"ಮೊದಲ ಹೆಂಗಿತ್ತ ಹಂಗ ಇದ್ದದ್ದ ಐತೇನು?"

ಒಳಗೆ ಹೋಗಿ ಇನ್ನೊಂದನ್ನು ತಂದುಕೊಟ್ಟೆ. ಅದನ್ನು ನೋಡಿದ ಕೂಡಲೇ ಅವಳ ಬಾಯಿಂದ ಒಂದು ದನಿ ಬಂತು. ಅಳುವಲ್ಲ, ಬಹಳ ದಿನದ ಮೇಲೆ ಯಾರಾದರೂ ಎದುರಿಗೆ ಬಂದರೆ ಬರುತ್ತದಲ್ಲ, ಅಂಥದ್ದು. ಆಮೇಲೆ ಅತ್ತಳು. ಸೊಂಟದ ಕೂಸೂ ಹೆದರಿ ಅಳತೊಡಗಿತು.

"ಅವತ್ತು ನಾ ನಿಮಗ ಬಾಚಗೊಡಲಿಲ್ಲ. ತಪ್ಪಾತು ಎವ್ವಾ," ಎಂದೆ.

ಅವಳು ಕಣ್ಣೊರೆಸಿಕೊಂಡಳು. ನನ್ನನ್ನು ಬೈಯಲಿಲ್ಲ, ಇರಲಿ ಬಿಡು ಎಂದೂ ಹೇಳಲಿಲ್ಲ. "ಒಂದು ಚಣದ ಕೆಲಸ ಇತ್ತು," ಎಂದಳು. ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಇಳಿದು ಹೋದಳು. ಬಾಚಿದ ತಲೆಯ ಚಿತ್ರವನ್ನು ನಾನು ಅಂದೇ ಒಲೆಗೆ ಹಾಕಿದೆ.

ಮೃಗಶಿರಾ ಮಳೆ ಚೆನ್ನಾಗಿ ಆಯಿತು. ಮಂದಿ ಬಂದ ದಾರಿಯಲ್ಲೇ ಮರಳತೊಡಗಿದರು. ನಾನು ಒಮ್ಮೆ ಹೋಗಿ ನೋಡುವಷ್ಟರಲ್ಲಿ ಆ ಸಾಲು ಪೂರ್ತಿ ಖಾಲಿ. ಹೊಸ ಬಾವಿಗೆ ಕಟ್ಟೆ ಕಟ್ಟುತ್ತಿದ್ದರು, ಸೇದುವವರು ಯಾರೂ ಇರಲಿಲ್ಲ. ಆ ಕುಟುಂಬ ಊರಿಗೆ ಹೋಯಿತೆಂದು ಒಬ್ಬರು ಹೇಳಿದರು, ಕಲ್ಲೋಳಿಯ ಕಡೆ ಕಬ್ಬಿನ ಕೆಲಸಕ್ಕೆ ಹೋಯಿತೆಂದು ಇನ್ನೊಬ್ಬರು. ಕಲ್ಲೋಳಿಯಲ್ಲೂ ಕೇಳಿಸಿ ನೋಡಿದೆ. ಸುಳಿವು ಸಿಗಲಿಲ್ಲ. ಅವರ ಊರಿನ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಕೆಲವು ವರ್ಷ ಬಿಟ್ಟು ಮತ್ತೆ ಮಳೆ ಕೈಕೊಟ್ಟಿತು. ಈ ಸಲ ಕ್ಯಾಂಪು ಬಿದ್ದದ್ದು ಮೂಡಲಗಿಯ ಹತ್ತಿರ. ಕಚೇರಿಯಿಂದ ಮತ್ತೆ ಕಾಗದ ಬಂತು, ಸಾಹೇಬರು ಮಾತ್ರ ಬೇರೆಯವರು. ಅಪ್ಪ ಆಗ ಹಾಸಿಗೆ ಹಿಡಿದಿದ್ದ. "ಒಲ್ಲೆ ಅಂತ ಬರದ ಕಳಸು. ನಿನಗ ಆಗೂದಿಲ್ಲ," ಎಂದ. ಒಲ್ಲೆ ಎನ್ನಬಹುದಿತ್ತು. ಆದರೆ ನಾನು ಹೋಗದಿದ್ದರೆ ಬೇರೆ ಯಾರೋ ಹೋಗಿ "ಹಂಗ ನಿಲ್ರಿ" ಎನ್ನುತ್ತಾರೆ ಅನಿಸಿತು. ಹೋದೆ.

ಅಲ್ಲಿ ಯಾರನ್ನೂ ಅವಸರ ಮಾಡಲಿಲ್ಲ. ಬಾಚಿಕೊಳ್ಳುವವರು ಬಾಚಿಕೊಂಡರು. ಕೆಲವರು ಬಾಜೂ ಗುಡಿಸಲಿನ ಒಂದೇ ಒಳ್ಳೆಯ ಸೀರೆಯನ್ನು ಒಬ್ಬರಾದಮೇಲೆ ಒಬ್ಬರು ಉಟ್ಟು ಬಂದು ನಿಂತರು. ಒಬ್ಬ ಮುದುಕ ಪಟಗ ಸುತ್ತಿಕೊಳ್ಳಲು ಅರ್ಧ ತಾಸು ತೆಗೆದುಕೊಂಡ, ನಾನು ಕಾದೆ. ಒಂದು ಪ್ರತಿ ಕಚೇರಿಗೆ, ಒಂದು ಅವರಿಗೆ ಎಂದು ಮೊದಲೇ ಹೇಳಿದ್ದೆ.

ಹೊಸ ಸಾಹೇಬರು ಆ ಚಿತ್ರಗಳನ್ನು ಒಂದೊಂದಾಗಿ ತಿರುವಿ ಹಾಕಿದರು. "ಏನ್ರೀ ಇದು? ಬರಗಾಲದ ಮಂದಿ ತಗೀರಿ ಅಂದ್ರ ಮದುವಿಗೆ ಬಂದವರನ್ನ ತಗದೀರಿ," ಎಂದು ಕಟ್ಟನ್ನು ನನ್ನ ಕಡೆ ಸರಿಸಿದರು. ಆಮೇಲೆ ಕಚೇರಿಯಿಂದ ನನಗೆ ಕರೆ ಬರಲಿಲ್ಲ.

ಅವರವರ ಪ್ರತಿಗಳನ್ನು ಹಂಚಲು ಮೂಡಲಗಿಗೆ ಹೋದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಬೇರೆ ಕೆಲಸ ಹುಡುಕಿಕೊಂಡು ಮುಂದೆ ಹೋಗಿಬಿಟ್ಟಿದ್ದರು. ಉಳಿದ ಫೋಟೋಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಇಟ್ಟೆ. ಒಂದೊಂದರ ಹಿಂದೆಯೂ ಊರು ಬರೆದಿದ್ದೆ.

ಅಪ್ಪ ಹೋದಮೇಲೆ ಸ್ಟುಡಿಯೋ ನಾನೊಬ್ಬಳೇ ನಡೆಸುತ್ತಿದ್ದೆ. ಒಂದು ಮಳೆಗಾಲದ ಮಧ್ಯಾಹ್ನ ಮೂಡಲ ಕಡೆಯ ಒಬ್ಬ ಮನುಷ್ಯ ಬಂದ. ಮೂವತ್ತರ ಆಸುಪಾಸು, ಒದ್ದೆ ಕಂಬಳಿ. ಮೂಡಲಗಿಯಲ್ಲಿ ಫೋಟೋ ತೆಗೆದ ಹೆಣ್ಣುಮಗಳು ನೀವೇ ಏನು ಎಂದು ಕೇಳಿದ. ಅವನ ತಂದೆ ಆ ವರ್ಷ ಅಲ್ಲಿ ಕೆಲಸಕ್ಕೆ ಇದ್ದವನು, ಮರುವರ್ಷ ತೀರಿಕೊಂಡಿದ್ದ. ಮನೆಯಲ್ಲಿ ಅವನ ಒಂದು ಚಿತ್ರವೂ ಇಲ್ಲ.

ಡಬ್ಬಿಯನ್ನು ಅವನ ಮುಂದೆ ಇಟ್ಟೆ. ನೆಲದ ಮೇಲೆ ಎಲ್ಲವನ್ನೂ ಹರವಿಕೊಂಡು ಒಂದೊಂದೇ ನೋಡಿದ. ಮಳೆ ನಿಂತಿತು, ಮತ್ತೆ ಬಂತು. ತಂದೆ ಅದರಲ್ಲಿ ಇರಲಿಲ್ಲ. ಆದರೆ ಒಂದು ಚಿತ್ರವನ್ನು ಅವನು ಮತ್ತೆ ಮತ್ತೆ ಎತ್ತಿಕೊಳ್ಳುತ್ತಿದ್ದ. ಅರ್ಧ ತಾಸು ಪಟಗ ಸುತ್ತಿದ ಆ ಮುದುಕನದು.

"ಇವರಲ್ಲರಿ. ಖರೆ ಕಿವಿ ಹಂಗ ಅದಾವು. ನಿಂತ ರೀತೀನೂ ಹಂಗ ಐತಿ," ಎಂದ. ಆಮೇಲೆ ನೆಲ ನೋಡುತ್ತ ಕೇಳಿದ: "ಇದನ್ನ ಒಯ್ಯಲೇನ್ರಿ? ನಮ್ಮವ್ವಗ ಈಗ ಕಣ್ಣ ಅಷ್ಟ ಕಾಣೂದಿಲ್ಲ."

ನಾನು ಆ ಫೋಟೋವನ್ನು ಕಾಗದದಲ್ಲಿ ಸುತ್ತಿ, ಮಳೆಗೆ ತೊಯ್ಯದಂತೆ ಮೇಲೆ ಮೇಣಬಟ್ಟೆ ಕಟ್ಟಿ ಕೊಟ್ಟೆ. ಪಟಗದ ಮುದುಕನ ಕಡೆಯವರು ಯಾರಾದರೂ ಬಂದರೆ ಏನು ಹೇಳಲಿ ಎಂದು ಬಹಳ ದಿನ ಯೋಚಿಸಿದೆ. ಯಾರೂ ಬರಲಿಲ್ಲ.